ಕಾಣದ ಗ್ರಾಹಕನಿಗೂ ಪೂರ್ಣ ಅಳತೆ

ಓದುಗ ಬಂಧುಗಳೇ, ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕಾಗಿದೆ. ಎದುರಿಗೆ ನಿಂತು ಸಾಮಾನು ಕೊಳ್ಳುವವನಿಗೆ ಮೋಸ ಮಾಡುವುದು ತಪ್ಪೆಂದು ನೀವೂ ಒಪ್ಪುತ್ತೀರಿ, ನಿಮ್ಮ ಮನೆಯ ಮಕ್ಕಳೂ ಒಪ್ಪುತ್ತಾರೆ. ಆದರೆ ನೀವು ಎಂದೂ ಮುಖ ಕಾಣದ, ನಿಮ್ಮ ಊರಿನ ಹೆಸರನ್ನೇ ಕೇಳಿರದ, ಕಡಲಾಚೆ ಕುಳಿತಿರುವ ಗ್ರಾಹಕನ ಹಕ್ಕು ನಿಮ್ಮ ಮೇಲೆ ಎಷ್ಟಿದೆ? ನಾಳೆ ಅವನು ನಿಮ್ಮ ಅಂಗಡಿಗೆ ಬಂದು ಜಗಳ ತೆಗೆಯಲಾರ. ಪಂಚಾಯಿತಿ ಸೇರಿಸಲಾರ. ತನಗೆ ಮೋಸವಾಯಿತೆಂಬುದು ಅವನಿಗೆ ಗೊತ್ತಾಗದೇ ಹೋಗಬಹುದು. ಅಂಥವನಿಗೂ ಪೂರ್ಣ ಅಳತೆ ಕೊಡಬೇಕೆ?

ಈ ಪ್ರಶ್ನೆ ಯಾವುದೋ ದೂರದೇಶದ ದೊಡ್ಡ ವ್ಯಾಪಾರಿಗಳಿಗೆ ಸಂಬಂಧಿಸಿದ್ದೆಂದು ತಿಳಿಯಬೇಡಿ. ವಿರಾಜಪೇಟೆಯಿಂದ ಗೋಣಿಕೊಪ್ಪದ ಕಡೆಗೆ ಹೋಗುವ ದಾರಿಯಲ್ಲಿರುವ ಬಿಟ್ಟಂಗಾಲದಂತಹ ಒಂದು ಚಿಕ್ಕ ಊರನ್ನೇ ತೆಗೆದುಕೊಳ್ಳಿ. ರಸ್ತೆಯ ಎರಡೂ ಬದಿಗೆ ಕಾಫಿ ತೋಟ, ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ, ತಗ್ಗಿನಲ್ಲಿ ಗದ್ದೆ. ಇಲ್ಲಿಯ ಬೆಳೆಗಾರ, ಕೂಲಿಯಾಳು, ಮೆಣಸು ಕೊಳ್ಳುವ ಅಂಗಡಿಯವನು, ಚೀಲ ಹೊರುವವನು, ಲಾರಿ ಓಡಿಸುವವನು ಎಲ್ಲರ ಅನ್ನವೂ ಕೊನೆಗೆ ಹೊರದೇಶದ ಮಾರುಕಟ್ಟೆಯನ್ನು ಅವಲಂಬಿಸಿದೆ. ಭಾರತದಲ್ಲಿ ಬೆಳೆಯುವ ಕಾಫಿಯ ಸುಮಾರು ಮೂರನೇ ಒಂದು ಭಾಗ ಕೊಡಗು ಜಿಲ್ಲೆಯದು. ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ. ಅದನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಜರ್ಮನಿ, ಬೆಲ್ಜಿಯಂ, ರಷ್ಯಾ, ತುರ್ಕಿಗಳೂ ಕೊಳ್ಳುತ್ತವೆ. ಉತ್ತರ ಆಫ್ರಿಕಾದ ಲಿಬಿಯಾದವರೆಗೂ ನಮ್ಮ ಕಾಫಿ ಹೋಗುತ್ತದೆ. 2024-25ರಲ್ಲಿ ಭಾರತದ ಕಾಫಿ ರಫ್ತಿನ ಮೌಲ್ಯ ಸುಮಾರು 180 ಕೋಟಿ ಡಾಲರಿಗೆ ಏರಿತು.

ಅಂದರೆ ಬಿಟ್ಟಂಗಾಲದ ಕಣದಲ್ಲಿ ಒಣಗುವ ಚೆರಿ ಕಾಫಿಯನ್ನು ಕುಡಿಯುವವರು ಬಹುಪಾಲು ನಮಗೆ ಅಪರಿಚಿತರು. ಅವರು ಯಾವ ಭಾಷೆಯವರೋ, ಯಾವ ಧರ್ಮದವರೋ ನಮಗೆ ತಿಳಿಯದು. ನಮಗೂ ಅವರಿಗೂ ನಡುವೆ ಇರುವುದು ಒಂದೇ ಒಂದು ಕೊಂಡಿ. ಅದು ಚೀಲದ ಮೇಲೆ ಬರೆದದ್ದು ಚೀಲದೊಳಗೆ ಇದೆಯೆಂಬ ನಂಬಿಕೆ.

ಹೆಸರಿಗೂ ಒಂದು ಬೆಲೆಯಿದೆ

ಒಂದು ನಾಡಿನ ಹೆಸರು ಹೇಗೆ ಹಣವಾಗುತ್ತದೆಂಬುದಕ್ಕೆ ಈಜಿಪ್ಟಿನ ಹತ್ತಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1820ರ ದಶಕದಲ್ಲಿ ಮುಹಮ್ಮದ್ ಅಲಿ ಪಾಷಾನ ಆಡಳಿತದಲ್ಲಿ ನೈಲ್ ನದಿಯ ಬಯಲಿನಲ್ಲಿ ಉದ್ದ ಎಳೆಯ ಹತ್ತಿಯ ಬೇಸಾಯ ಹಬ್ಬಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಬರುವುದು ನಿಂತಾಗ ಈಜಿಪ್ಟಿನ ಹತ್ತಿಗೆ ಚಿನ್ನದ ಬೆಲೆ ಬಂತು. ಆ ಬೆಲೆ ಶಾಶ್ವತವೆಂಬಂತೆ ಆಳುವವರು ಸಾಲ ಮಾಡಿದರು. ಯುದ್ಧ ಮುಗಿದು ಬೆಲೆ ಇಳಿಯಿತು, ಸಾಲ ಉಳಿಯಿತು. 1875ರಲ್ಲಿ ಸುಯೆಜ್ ಕಾಲುವೆಯ ತಮ್ಮ ಪಾಲನ್ನು ಬ್ರಿಟಿಷ್ ಸರಕಾರಕ್ಕೆ ಮಾರಬೇಕಾಯಿತು. 1882ರಲ್ಲಿ ಬ್ರಿಟಿಷ್ ಸೈನ್ಯವೇ ಬಂದು ಕುಳಿತಿತು. ಒಂದೇ ಬೆಳೆಯ ಒಳ್ಳೆಯ ಬೆಲೆಯನ್ನು ನಂಬಿ ಸಾಲ ಮಾಡುವವರು ಕೊಡಗಿನಲ್ಲಿಯೂ ಇದ್ದಾರೆ. ಅವರು ಈ ಚರಿತ್ರೆಯನ್ನು ಒಮ್ಮೆ ಓದಬೇಕು.

ಇಷ್ಟೆಲ್ಲ ಆದರೂ ಆ ದೇಶದ ಕೈಯಲ್ಲಿ ಒಂದು ಆಸ್ತಿ ಉಳಿದಿತ್ತು. ಅದೇ ಈಜಿಪ್ಟಿನ ಹತ್ತಿ ಎಂಬ ಹೆಸರು. ತಲೆಮಾರುಗಳ ರೈತರ ಬೆವರಿನಿಂದ ಬಂದ ಹೆಸರದು. ಆದರೆ 2016ರ ಆಗಸ್ಟ್‌ನಲ್ಲಿ ಅಮೆರಿಕದ ಒಂದು ದೊಡ್ಡ ಮಳಿಗೆ ಸಂಸ್ಥೆಯು ನಮ್ಮ ದೇಶದ ಒಂದು ಜವಳಿ ಕಂಪೆನಿಯೊಡನೆ ವ್ಯವಹಾರವನ್ನು ಕಡಿದುಕೊಂಡಿತು. ಈಜಿಪ್ಟಿನ ಹತ್ತಿಯದೆಂದು ಹೇಳಿ ಪೂರೈಸಿದ ಸುಮಾರು 7,50,000 ಹಾಸುಬಟ್ಟೆ ಮತ್ತು ದಿಂಬಿನ ಚೀಲಗಳಲ್ಲಿ ಬೇರೆ ಹತ್ತಿ ಇತ್ತೆಂಬುದು ಅದರ ದೂರು. ಕೆಲವೇ ದಿನಗಳಲ್ಲಿ ಆ ಕಂಪೆನಿಯ ಷೇರಿನ ಬೆಲೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಆ ಹಾಸಿಗೆಯ ಮೇಲೆ ಮಲಗಿದವರಿಗೆ ವ್ಯತ್ಯಾಸ ತಿಳಿದಿತ್ತೋ ಇಲ್ಲವೋ. ಆದರೆ ನೈಲ್ ದಡದಲ್ಲಿ ನಿಜವಾದ ಹತ್ತಿ ಬೆಳೆದ ರೈತನ ಹೆಸರನ್ನು ಅವನ ಅಪ್ಪಣೆಯಿಲ್ಲದೆ ಬೇರೊಬ್ಬರು ಮಾರಿಕೊಂಡಂತಾಯಿತು. ಮೋಸ ಹೋದವರು ಇಬ್ಬರು: ಕೊಂಡವನೊಬ್ಬ, ಬೆಳೆದವನೊಬ್ಬ. ಇಬ್ಬರೂ ಮಾರಿದವನ ಕಣ್ಣಿಗೆ ಬೀಳದವರು.

ಇದಾದ ಮರುವರ್ಷವೇ ಅಂಥದೇ ಮಾತು ನಮ್ಮ ಕೊಡಗಿನಲ್ಲಿ ಎದ್ದಿತು. 2017ರಲ್ಲಿ ಗೋಣಿಕೊಪ್ಪದ ಮಾರುಕಟ್ಟೆಗೆ ವಿಯೆಟ್ನಾಮಿನ ಕರಿಮೆಣಸು ಬಂದು, ಕೊಡಗಿನ ಮೆಣಸಿನೊಂದಿಗೆ ಬೆರೆತು, ಕೊಡಗಿನ ಹೆಸರಿನಲ್ಲೇ ಹೊರಹೋಗುತ್ತಿದೆಯೆಂದು ಬೆಳೆಗಾರರು ಆರೋಪಿಸಿ ಬೀದಿಗಿಳಿದರು. ವಿಯೆಟ್ನಾಮ್ ಜಗತ್ತಿನಲ್ಲೇ ಅತಿ ಹೆಚ್ಚು ಕರಿಮೆಣಸು ಬೆಳೆಯುವ ದೇಶ. ಅಲ್ಲಿಯ ಮೆಣಸು ಅಗ್ಗ. 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದ ಪ್ರಕಾರ ಶ್ರೀಲಂಕಾದ ಮೆಣಸಿಗೆ ಸುಂಕದ ರಿಯಾಯಿತಿ ಇದೆ. ಆ ರಿಯಾಯಿತಿಯನ್ನು ಬಳಸಿ, ವಿಯೆಟ್ನಾಮಿನ ಮೆಣಸನ್ನು ಶ್ರೀಲಂಕಾದ್ದೆಂದು ಕಾಗದದಲ್ಲಿ ತೋರಿಸಿ ತರಲಾಗುತ್ತಿದೆಯೆಂಬುದು ದೂರಿನ ಇನ್ನೊಂದು ಭಾಗ. 2015-16ರ ಸುಮಾರಿಗೆ ಕಿಲೋಗೆ 700 ರೂಪಾಯಿಯ ಆಸುಪಾಸಿನಲ್ಲಿದ್ದ ಬೆಲೆ ಆ ಹೊತ್ತಿಗೆ ಬಹಳ ಇಳಿದಿತ್ತು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರವು ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ಆಮದಾಗದಂತೆ ಕನಿಷ್ಠ ಆಮದು ಬೆಲೆಯನ್ನು ಗೊತ್ತುಪಡಿಸಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಅರಿತುಕೊಳ್ಳಬೇಕು. ವಿಯೆಟ್ನಾಮಿನ ಮೆಣಸು ವಿಷವೇನೂ ಅಲ್ಲ. ಅಲ್ಲಿಯ ರೈತನೂ ನಮ್ಮಂತೆಯೇ ಬಿಸಿಲಿನಲ್ಲಿ ದುಡಿದು ಮಕ್ಕಳನ್ನು ಸಾಕುವವನು. ಕಾನೂನಿನ ಪ್ರಕಾರ ಸುಂಕ ಕಟ್ಟಿ ಅದನ್ನು ತರಿಸಿ, ಇದು ವಿಯೆಟ್ನಾಮಿನದು ಎಂದು ಹೇಳಿ ಮಾರಿದರೆ ಅದರಲ್ಲಿ ಪಾಪವಿಲ್ಲ. ಪಾಪವಿರುವುದು ಹೆಸರು ಬದಲಾಯಿಸುವುದರಲ್ಲಿ.

ಒದ್ದೆ ಧಾನ್ಯದ ರಾಶಿ

ಪ್ರವಾದಿ ಮುಹಮ್ಮದ್(ಸ)ರ ಜೀವನದ ಒಂದು ಘಟನೆಯನ್ನು ನೀವೆಲ್ಲ ಕೇಳಿರಬಹುದು. ಹ. ಅಬೂಹುರೈರಾ(ರ)ರಿಂದ ವರದಿಯಾಗಿ ಸಹೀಹ್ ಮುಸ್ಲಿಮ್‌ನಲ್ಲಿ ಸೇರಿರುವ ಘಟನೆಯದು. ಪ್ರವಾದಿ(ಸ)ಯವರು ಪೇಟೆಯಲ್ಲಿ ಹೋಗುತ್ತಿದ್ದಾಗ ಒಂದು ಧಾನ್ಯದ ರಾಶಿಯನ್ನು ಕಂಡು ಅದರೊಳಗೆ ಕೈಹಾಕಿದರು. ಮೇಲೆ ಒಣಗಿತ್ತು, ಒಳಗೆ ಬೆರಳಿಗೆ ತೇವ ತಗಲಿತು. ಇದೇನೆಂದು ಕೇಳಿದಾಗ ವ್ಯಾಪಾರಿಯು ಮಳೆ ಬಿದ್ದು ನೆನೆಯಿತೆಂದನು. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆಯಾದದ್ದನ್ನು ಮೇಲೆ ಏಕೆ ಇಡಲಿಲ್ಲವೆಂದು ಪ್ರವಾದಿ(ಸ)ಯವರು ಕೇಳಿದರು. ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು.

ಕೊಡಗಿನ ಬೆಳೆಗಾರನಿಗೆ ಈ ಘಟನೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಜನವರಿ, ಫೆಬ್ರವರಿಯಲ್ಲಿ ಕಣದ ತುಂಬ ಹಣ್ಣು ಹರಡಿರುವಾಗ ಅಕಾಲದ ಮಳೆ ಬಂದರೆ ಏನಾಗುತ್ತದೆಂದು ಮನೆಯ ಮಕ್ಕಳಿಗೂ ಗೊತ್ತು. ಟಾರ್ಪಾಲು ಎಳೆಯುವುದರೊಳಗೆ ಅರ್ಧ ನೆನೆದಿರುತ್ತದೆ. ನೆನೆದ ಕಾಫಿ ಬೂಸಲು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ವಾಸನೆ ಬರುತ್ತದೆ. ಆ ಮಳೆಯನ್ನು ಸುರಿಸಿದವನು ಅಲ್ಲಾಹನು. ಅದರಲ್ಲಿ ಬೆಳೆಗಾರನ ತಪ್ಪೇನೂ ಇಲ್ಲ. ಮದೀನದ ಆ ವ್ಯಾಪಾರಿಯ ಉತ್ತರವೂ ಸುಳ್ಳಾಗಿರಲಿಲ್ಲ; ಮಳೆ ನಿಜವಾಗಿಯೂ ಬಂದಿತ್ತು. ಒದ್ದೆ ಧಾನ್ಯವನ್ನು ಮಾರಬಾರದೆಂದು ಪ್ರವಾದಿ(ಸ)ಯವರು ಹೇಳಲಿಲ್ಲ. ಅದನ್ನು ಮೇಲೆ ಇಡು ಎಂದರು. ಕೊಳ್ಳುವವನು ಕಂಡು, ತಿಳಿದು, ಅದಕ್ಕೆ ತಕ್ಕ ಬೆಲೆ ಕೊಟ್ಟು ಕೊಳ್ಳಲಿ. ನಷ್ಟವನ್ನು ಹೊರುವುದು ಕಷ್ಟವೇ. ಆದರೆ ನನ್ನ ಮೇಲೆ ಬಿದ್ದ ನಷ್ಟವನ್ನು ಮಾತಿಲ್ಲದೆ ಇನ್ನೊಬ್ಬನ ಜೇಬಿಗೆ ದಾಟಿಸುವ ಹಕ್ಕು ನನಗಿಲ್ಲ.

ಇಂದು ರಾಶಿಯೊಳಗೆ ಕೈ ಹಾಕುವ ಬದಲು ತೇವಾಂಶ ಅಳೆಯುವ ಯಂತ್ರವಿದೆ. ಚೆರಿ ಕಾಫಿಯನ್ನು ಔಟ್‌ಟರ್ನ್ ಲೆಕ್ಕದಲ್ಲಿ, ಅಂದರೆ 50 ಕಿಲೋ ಚೀಲದಿಂದ ಎಷ್ಟು ಕಿಲೋ ಬೇಳೆ ಬರುತ್ತದೆಂದು ನೋಡಿ ಕೊಳ್ಳುತ್ತಾರೆ. ಮೆಣಸಿಗೆ ಲೀಟರ್ ತೂಕ ನೋಡುತ್ತಾರೆ. ಆದರೂ ಯಂತ್ರದ ಕಣ್ಣಿಗೆ ಬೀಳದಂತೆ ಮಾಡುವ ಉಪಾಯಗಳು ಯಂತ್ರದ ಜೊತೆಗೇ ಹುಟ್ಟಿವೆ. ಚೀಲದ ಬಾಯಲ್ಲಿ ಒಳ್ಳೆಯದು, ತಳದಲ್ಲಿ ಕಸಿ. ಮೆಣಸಿಗೆ ಹೊಳಪು ಬರಲೆಂದು ಎಣ್ಣೆ. 2012ರ ಕೊನೆಯಲ್ಲಿ ಕೊಚ್ಚಿಯ ಗೋದಾಮುಗಳಲ್ಲಿ ಖನಿಜ ತೈಲ ಸವರಿದ ಆರು ಸಾವಿರ ಟನ್ನಿಗೂ ಹೆಚ್ಚು ಮೆಣಸಿಗೆ ಆಹಾರ ಸುರಕ್ಷತಾ ಅಧಿಕಾರಿಗಳು ಬೀಗಮುದ್ರೆ ಹಾಕಬೇಕಾಯಿತು. ಅದು ಯಾವ ಅಡುಗೆಮನೆಗೆ ಹೋಗಬೇಕಾಗಿತ್ತೋ! ಎಣ್ಣೆ ಸವರಿದ ಕೈಗೆ ಅದನ್ನು ಉಣ್ಣುವ ಮಗುವಿನ ಮುಖ ಕಾಣಿಸುವುದಿಲ್ಲ. ಮುಖ ಕಂಡಿದ್ದರೆ ಬಹುಶಃ ಕೈ ಹಿಂಜರಿಯುತ್ತಿತ್ತು.

ಬೆರಕೆಯೆಲ್ಲವೂ ಮೋಸವೇ ಎಂದು ಯಾರಾದರೂ ಕೇಳಬಹುದು. ನಮ್ಮ ಮನೆಗಳಲ್ಲಿ ಕುಡಿಯುವ ಕಾಫಿ ಪುಡಿಯನ್ನೇ ನೋಡಿ. ಅದರಲ್ಲಿ ಚಿಕೋರಿ ಇರುತ್ತದೆ. ಕಾಫಿಯ ಪಾಲು ನೂರಕ್ಕೆ 51ಕ್ಕಿಂತ ಕಡಿಮೆಯಿರಬಾರದು, ಚಿಕೋರಿ ಎಷ್ಟಿದೆಯೆಂದು ಪೊಟ್ಟಣದ ಮೇಲೆ ಬರೆದಿರಬೇಕು ಎಂಬುದು ಕಾನೂನು. ಅದನ್ನು ಓದಿ, ಇಷ್ಟಪಟ್ಟು ನಾವು ಕೊಳ್ಳುತ್ತೇವೆ. ಅದೇ ಚಿಕೋರಿಯನ್ನು ಬೆರೆಸಿ ಶುದ್ಧ ಕಾಫಿ ಎಂದು ಬರೆದರೆ ಅದು ವಂಚನೆ. ಬೆರೆಸಿದ್ದು ಒಂದೇ ವಸ್ತು, ಬೆರೆಸಿದ ಕೈಯೂ ಒಂದೇ. ಒಂದು ಹಲಾಲ್ ಆಗುವುದೂ ಇನ್ನೊಂದು ಹರಾಮ್ ಆಗುವುದೂ ಆ ಒಂದು ಸಾಲಿನ ಬರಹದಿಂದ.

ನಮ್ಮ ಬಗ್ಗೆ ಬರೆದಿಟ್ಟ ಒಂದು ಮಾತು

ಕಾಫಿಯೊಂದಿಗೆ ಮುಸ್ಲಿಮರ ನಂಟು ಹಳೆಯದು. 17ನೇ ಶತಮಾನದಲ್ಲಿ ಬಾಬಾ ಬುಡನ್‌ರು ಯಮನಿನ ಮೋಖಾದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಕೊಡಗಿನ ಕಾಫಿಯ ಬಗೆಗೆ ಇನ್ನೊಂದು ಮಾತೂ ಇದೆ. ಅದನ್ನು ನಾವು ಸಾಮಾನ್ಯವಾಗಿ ಹೇಳಿಕೊಳ್ಳುವುದಿಲ್ಲ.

ರೆವರೆಂಡ್ ರಿಕ್ಟರ್‌ರು 1870ರಲ್ಲಿ ಹೊರತಂದ ಕೊಡಗಿನ ಗೆಜೆಟಿಯರ್‌ನಲ್ಲಿ ಈ ಮಾತು ದಾಖಲಾಗಿದೆ. ಅದರ ಸಾರಾಂಶ ಇಷ್ಟು. ಯುರೋಪಿಯನ್ನರು 1854ರಲ್ಲಿ ಮಡಿಕೇರಿಯಲ್ಲಿ ತೋಟ ತೆರೆಯುವುದಕ್ಕೆ ಮೊದಲೇ, ರಾಜರ ಕಾಲದಲ್ಲಿ ನಾಲ್ಕುನಾಡಿನ ಬಳಿ ಭೂಮಿ ಪಡೆದಿದ್ದ ಮಾಪಿಳ್ಳೆಗಳು ಕಾಫಿ ಬೆಳೆಯುತ್ತಿದ್ದರಂತೆ. ಅದರ ಲಾಭ ಕೊಡವರಿಗೆ ತಿಳಿಯಬಾರದೆಂದು, ಈ ಗಿಡ ನೆಟ್ಟರೆ ನಿಮಗೆ ಕೇಡು ತಪ್ಪದೆಂದು ಹೆದರಿಸುತ್ತಿದ್ದರಂತೆ. ಚುರುಕು ಬುದ್ಧಿಯ ಕೊಡವರು ಬೇಗನೆ ಈ ಉಪಾಯವನ್ನು ಅರಿತು ತಾವೂ ಬೆಳೆಯತೊಡಗಿದರಂತೆ.

ಇದು ಜನರ ಬಾಯಿಂದ ಕೇಳಿ ಹೊರನಾಡಿನ ಪಾದ್ರಿಯೊಬ್ಬರು ಬರೆದ ಮಾತು. ನಡೆದದ್ದೋ ಕಟ್ಟಿದ್ದೋ ಎಂದು ವಾದಿಸಬಹುದು. ಒಂದು ಸಮುದಾಯದ ಮೇಲೆ ಇಂಥ ಮಾತು ಹೊರಿಸುವುದು ಸರಿಯೇ ಎಂದು ಕೋಪಗೊಳ್ಳಲೂಬಹುದು. ಆದರೆ ಕೋಪಕ್ಕಿಂತ ಹೆಚ್ಚಾಗಿ ಅದು ನಮ್ಮನ್ನು ಯೋಚನೆಗೆ ಹಚ್ಚಬೇಕು. ಈ ಬೆಟ್ಟದ ನಾಡಿಗೆ ಕಾಫಿ ಗಿಡದಂತಹ ಕೊಡುಗೆಯನ್ನು ತಂದವರೆಂದು ನೆನೆಯಬಹುದಾಗಿದ್ದ ಜನರನ್ನು, ನೆರೆಯವನಿಗೆ ಸತ್ಯ ಮುಚ್ಚಿಟ್ಟವರೆಂದು ಪುಸ್ತಕ ನೆನೆಯುತ್ತಿದೆ. ನೂರೈವತ್ತು ವರ್ಷ ಕಳೆದರೂ ಆ ಸಾಲು ಅಳಿದಿಲ್ಲ. ಆ ಕಾಫಿಯಿಂದ ಬಂದ ಹಣವೆಲ್ಲ ಎಂದೋ ಕರಗಿಹೋಗಿದೆ. ನಮ್ಮ ಕಾಲದ ವ್ಯಾಪಾರದ ಬಗ್ಗೆ ನಾಳಿನವರು ಏನು ಬರೆಯುತ್ತಾರೆ? ಅದನ್ನು ಬರೆಸುವವರು ಇಂದಿನ ನಾವೇ.

ಪೂಲ್‌ನ ಕಾಲ ಮುಗಿಯಿತು

ಹಿರಿಯ ಬೆಳೆಗಾರರಿಗೆ ಕಾಫಿ ಮಂಡಳಿಯ ಪೂಲ್‌ನ ಕಾಲ ನೆನಪಿದೆ. 1942ರ ಕಾಯಿದೆಯ ಪ್ರಕಾರ ಬೆಳೆಗಾರನು ತನ್ನ ಕಾಫಿಯನ್ನು ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಗಿತ್ತು. ಮಂಡಳಿಯೇ ಮಾರುತ್ತಿತ್ತು, ಹಣ ಕಂತುಕಂತಾಗಿ, ತಡವಾಗಿ ಬರುತ್ತಿತ್ತು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಕುಸಿಯಿತು. 1991ರಲ್ಲಿ ನಮ್ಮ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992ರಿಂದ ಹಂತಹಂತವಾಗಿ ನಿಯಂತ್ರಣವನ್ನು ಸಡಿಲಿಸಿ, 1996ರಲ್ಲಿ ಬೆಳೆಗಾರನಿಗೆ ತನ್ನ ಕಾಫಿಯನ್ನು ತನಗೆ ಬೇಕಾದಲ್ಲಿ ಮಾರುವ ಪೂರ್ಣ ಸ್ವಾತಂತ್ರ್ಯ ಕೊಡಲಾಯಿತು.

ಈ ಸ್ವಾತಂತ್ರ್ಯದಿಂದ ಲಾಭವಾಯಿತೋ ನಷ್ಟವಾಯಿತೋ ಎಂಬ ಚರ್ಚೆ ಇಂದಿಗೂ ನಡೆಯುತ್ತಿದೆ. ನಮಗೆ ಇಲ್ಲಿ ಬೇಕಾಗಿರುವುದು ಅದರ ಇನ್ನೊಂದು ಮುಖ. ಪೂಲ್‌ನಲ್ಲಿ ಎಲ್ಲರ ಕಾಫಿಯೂ ಬೆರೆತು ಬೆಳೆಗಾರನ ಹೆಸರು ಕರಗಿಹೋಗುತ್ತಿತ್ತು. ಒಳ್ಳೆಯದಿದ್ದರೂ ಕೆಟ್ಟದ್ದಿದ್ದರೂ ಹೊಣೆ ಮಂಡಳಿಯದು. ಈಗ ಹೊಣೆ ಬೆಳೆಗಾರನ ಕೊರಳಿಗೂ ವ್ಯಾಪಾರಿಯ ಕೊರಳಿಗೂ ಬಂದಿದೆ. 2019ರಲ್ಲಿ ಕೊಡಗಿನ ಅರೇಬಿಕಾ ಕಾಫಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಐರೋಪ್ಯ ಒಕ್ಕೂಟವು 2023ರಲ್ಲಿ ಒಂದು ಕಾನೂನನ್ನು ಅಂಗೀಕರಿಸಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ತನ್ನ ಮಾರುಕಟ್ಟೆಗೆ ಬರಬಾರದು, ಬೆಳೆದ ಜಾಗ ಇಂಥದೇ ಎಂದು ನಕ್ಷೆಯಲ್ಲಿ ತೋರಿಸಬೇಕು ಎಂದು ಅದು ಹೇಳುತ್ತದೆ. ಅದರ ಜಾರಿಯ ದಿನಾಂಕವನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಿದರು. ಸಣ್ಣ ಬೆಳೆಗಾರನ ಮೇಲೆ ಇದೊಂದು ಹೊರೆಯೆಂಬ ದೂರಿನಲ್ಲಿಯೂ ಹುರುಳಿದೆ. ಆದರೆ ಒಂದು ಸಂಗತಿಯನ್ನು ಗಮನಿಸಿ: ಕಾಣದ ಗ್ರಾಹಕನು ಈಗ ನಮ್ಮ ತೋಟವನ್ನು ಕಾಣಬೇಕೆನ್ನುತ್ತಿದ್ದಾನೆ. ಅಲ್ಲಾಹನು ಎಂದಿನಿಂದಲೂ ಕಾಣುತ್ತಿದ್ದಾನೆಂಬುದನ್ನು ನಂಬಿದವನಿಗೆ ಇದರಿಂದ ಗಾಬರಿಯಾಗಬೇಕಾಗಿಲ್ಲ.

ಎರಡು ತಕ್ಕಡಿಗಳು

ಹೊರದೇಶದ ಗ್ರಾಹಕನ ಮಾತಾಯಿತು. ಈಗ ನಮ್ಮ ಕಣ್ಣೆದುರಿಗೇ ಇದ್ದೂ ನಾವು ಕಾಣದೇ ಹೋಗುವ ಇನ್ನೊಬ್ಬರ ಕಡೆಗೆ ಬರೋಣ.

ಪವಿತ್ರ ಕುರ್‌ಆನಿನಲ್ಲಿ ಅಲ್‌ಮುತಫ್ಫಿಫೀನ್ ಎಂಬ ಒಂದು ಅಧ್ಯಾಯವೇ ಇದೆ. ಅಳತೆಯಲ್ಲಿ ಕಡಿತ ಮಾಡುವವರೆಂಬುದು ಅದರ ಅರ್ಥ. ಅಲ್ಲಿ ಯಾರನ್ನು ಖಂಡಿಸಲಾಗಿದೆಯೆಂದು ಗಮನವಿಟ್ಟು ನೋಡಿ. ತಾವು ಪಡೆಯುವಾಗ ತುಂಬಿಸಿ ಪಡೆಯುವವರು, ಇತರರಿಗೆ ಅಳೆದು ಕೊಡುವಾಗ ಕಡಿಮೆ ಕೊಡುವವರು. ಅವರಿಗೆ ಸರಿಯಾದ ಅಳತೆ ಯಾವುದೆಂದು ಗೊತ್ತಿಲ್ಲವೆಂದಲ್ಲ. ತಮ್ಮ ಪಾಲಿಗೆ ಬಂದಾಗ ಅವರು ಅದನ್ನು ಚೆನ್ನಾಗಿ ಬಲ್ಲರು. ಒಬ್ಬನೇ ಮನುಷ್ಯನ ಕೈಯಲ್ಲಿ ಎರಡು ತಕ್ಕಡಿಗಳಿರುವುದೇ ಅಲ್ಲಿಯ ರೋಗ.

ಕೊಯ್ಲಿನ ಕಾಲದಲ್ಲಿ ಅನೇಕ ತೋಟಗಳಲ್ಲಿ ಕಾಫಿ ಕೊಯ್ಯುವವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುತ್ತಾರೆ. ಸಂಜೆ ಚೀಲಗಳು ಸಾಲಾಗಿ ಬರುತ್ತವೆ. ಲೈನ್ ಮನೆಯ ಹೆಂಗಸರು, ದೂರದ ಅಸ್ಸಾಮಿನಿಂದ ಬಂದ ಹುಡುಗರು ತೂಕದ ಮುಂದೆ ನಿಲ್ಲುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ತೂಕದ ಅಂಕಿ ಓದಲು ಬಾರದು, ಕನ್ನಡವೂ ಬಾರದು. ಚೀಲಕ್ಕೆ ಇಷ್ಟು, ಎಲೆಗೆ ಇಷ್ಟು, ಹಸಿಗೆ ಇಷ್ಟು ಎಂದು ಒಂದೆರಡು ಕಿಲೋ ಕಳೆದು ಬರೆದುಕೊಂಡರೆ ಕೇಳುವವರಿಲ್ಲ. ಅದೇ ಮಾಲೀಕ ಮರುತಿಂಗಳು ವ್ಯಾಪಾರಿಯ ಅಂಗಡಿಯಲ್ಲಿ ಕುಳಿತು, ಔಟ್‌ಟರ್ನ್ ಅರ್ಧ ಕಿಲೋ ಕಡಿಮೆ ತೋರಿಸಿದರೆಂದು ದನಿಯೇರಿಸುತ್ತಾನೆ. ಅರ್ಧ ಕಿಲೋ ಎಂದರೆ ಎಷ್ಟು ಹಣವೆಂದು ಅವನಿಗೆ ಆಗ ಚೆನ್ನಾಗಿ ತಿಳಿದಿರುತ್ತದೆ. ತೋಟದ ತೂಕದಲ್ಲಿ ಕಳೆದ ಎರಡು ಕಿಲೋ ಕೂಲಿಯವಳ ಮನೆಯಲ್ಲಿ ಎಷ್ಟೆಂದು ಮಾತ್ರ ತಿಳಿದಿರುವುದಿಲ್ಲ.

2024ರಲ್ಲಿ ರೋಬಸ್ಟಾ ಚೆರಿಯ ಬೆಲೆ 50 ಕಿಲೋ ಚೀಲಕ್ಕೆ ಹತ್ತು ಸಾವಿರ ರೂಪಾಯಿಯ ಗಡಿ ದಾಟಿದಾಗ ಎಷ್ಟೋ ಮನೆಗಳಲ್ಲಿ ಸಂತೋಷ ತುಂಬಿತು. ಅಲ್ಹಮ್ದುಲಿಲ್ಲಾಹ್ ಎಂದೆವು. ಬ್ರೆಜಿಲ್‌ನಲ್ಲಿ, ವಿಯೆಟ್ನಾಮಿನಲ್ಲಿ ಮಳೆ ಕೈಕೊಟ್ಟದ್ದು ಆ ಏರಿಕೆಗೆ ಒಂದು ಕಾರಣ. ಅಂದರೆ ಯಾವುದೋ ದೂರದ ರೈತನ ಬರಗಾಲವು ನಮಗೆ ಸುಗ್ಗಿಯಾಗಿ ಬಂತು. ಆ ಏರಿಕೆ ನಮ್ಮ ಜಾಣತನದಿಂದ ಬಂದದ್ದಲ್ಲ. ಹಾಗಿರುವಾಗ ಅದರಲ್ಲಿ ಒಂದು ಪಾಲು ಕೊಯ್ದ ಕೈಗಳಿಗೆ ತಲುಪಿತೇ ಎಂದು ಪ್ರತಿಯೊಂದು ಮನೆಯೂ ತನ್ನನ್ನು ಕೇಳಿಕೊಳ್ಳಬೇಕು.

ನಾವು ಹೇಳುವ ನೆಪಗಳು

ಇಷ್ಟನ್ನು ಕೇಳಿದ ಕೂಡಲೇ ಕೆಲವು ಉತ್ತರಗಳು ನಮ್ಮ ನಾಲಿಗೆಯ ಮೇಲೆ ಸಿದ್ಧವಾಗಿರುತ್ತವೆ. ಅವುಗಳನ್ನು ತಳ್ಳಿಹಾಕುವಂತಿಲ್ಲ, ಒಂದೊಂದಾಗಿ ನೋಡಬೇಕು.

ಮೊದಲನೆಯದು: ಹೊರದೇಶದ ದೊಡ್ಡ ಕಂಪೆನಿಗಳೇ ನಮ್ಮನ್ನು ಸುಲಿಯುತ್ತಿವೆ, ಅವರಿಗೆ ನಾವೇಕೆ ಪ್ರಾಮಾಣಿಕರಾಗಿರಬೇಕು? ಯುರೋಪಿನ ಹೋಟೆಲಿನಲ್ಲಿ ಒಂದು ಲೋಟ ಕಾಫಿಗೆ ಕೊಡುವ ಹಣದಲ್ಲಿ ಬೆಳೆಗಾರನಿಗೆ ಸೇರುವುದು ಅತಿ ಚಿಕ್ಕ ಪಾಲೆಂಬುದು ನಿಜ. ಈ ಅನ್ಯಾಯದ ವಿರುದ್ಧ ಮಾತಾಡಬೇಕು, ಸಂಘಟಿತರಾಗಬೇಕು, ಸರಕಾರವನ್ನು ಕೇಳಬೇಕು. ಆದರೆ ಒಂದು ಜನರ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ಕದಲಿಸದಿರಲೆಂಬುದು ಕುರ್‌ಆನಿನ ಬೋಧನೆ. ಕಂಪೆನಿಯ ಮೇಲಿನ ಸಿಟ್ಟಿನಿಂದ ಮೆಣಸಿಗೆ ಎಣ್ಣೆ ಸವರಿದರೆ ಅದನ್ನು ಉಣ್ಣುವವನು ಕಂಪೆನಿಯ ಧಣಿಯಲ್ಲ; ಯಾವುದೋ ಬಡವನ ಮನೆಯವರು.

ಎರಡನೆಯದು: ಬೆಲೆ ಬಿದ್ದಿರುವಾಗ ಪ್ರಾಮಾಣಿಕನಾಗಿ ಬದುಕುವುದು ಹೇಗೆ? ಇದು ನೋವಿನ ಪ್ರಶ್ನೆ. 2001-02ರ ಸುಮಾರಿಗೆ ಜಗತ್ತಿನ ಕಾಫಿ ಬೆಲೆ ದಶಕಗಳಿಂದ ಕಾಣದಷ್ಟು ಕೆಳಗಿಳಿದಾಗ ಕೊಯ್ಲಿನ ಖರ್ಚೂ ಹುಟ್ಟದೆ ಕಣ್ಣೀರಿಟ್ಟ ಕುಟುಂಬಗಳಿವೆ. ಇಲ್ಲಿ ಹ. ಯೂಸುಫ್(ಅ)ರನ್ನು ನೆನೆಯೋಣ. ಅವರು ಈಜಿಪ್ಟಿನ ಉಗ್ರಾಣಗಳ ಹೊಣೆ ಹೊತ್ತಿದ್ದು ಬರಗಾಲದಲ್ಲಿ. ಅವರ ಮುಂದೆ ಧಾನ್ಯ ಕೊಳ್ಳಲು ಬಂದು ನಿಂತವರು ಪರದೇಶದವರು. ಇದೂ ಒಂದು ವಿದೇಶ ವ್ಯಾಪಾರವೇ. ಅದಕ್ಕೂ ಮಿಗಿಲಾಗಿ, ಬಂದವರು ತಮ್ಮನ್ನು ಬಾವಿಗೆ ತಳ್ಳಿದ ಅಣ್ಣಂದಿರೆಂಬುದು ಯೂಸುಫ್(ಅ)ರಿಗೆ ಗೊತ್ತಿತ್ತು. ಕಡಿಮೆ ಅಳೆಯಲು ಬರವೂ ಒಂದು ನೆಪವಾಗಿತ್ತು, ಹಳೆಯ ದ್ರೋಹವೂ ಒಂದು ನೆಪವಾಗಿತ್ತು. ಆದರೂ ಅವರು ಪೂರ್ಣ ಅಳತೆ ಕೊಟ್ಟರು. ಅಣ್ಣಂದಿರು ಮುಂದೊಮ್ಮೆ ಅತಿ ಅಲ್ಪವಾದ ಸರಕನ್ನು ಹಿಡಿದು ಬಂದು ಪೂರ್ಣ ಅಳತೆಯನ್ನೇ ಬೇಡಿದರು. ಈ ಕೈ ಕಡಿಮೆ ಅಳೆಯುವುದಿಲ್ಲವೆಂಬ ನಂಬಿಕೆ ಆಗಲೇ ಹುಟ್ಟಿತ್ತು.

ಮೂರನೆಯದು: ಎಲ್ಲರೂ ಮಾಡುತ್ತಾರೆ, ನಾನೊಬ್ಬ ಮಾಡದಿದ್ದರೆ ಏನು ಬದಲಾಗುತ್ತದೆ? ಮದ್‌ಯನಿನ ಜನರೂ ಹ. ಶುಐಬ್(ಅ)ರಿಗೆ ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ ಉತ್ತರಿಸಿದ್ದರು. ನಮ್ಮ ಸೊತ್ತನ್ನು ನಾವು ಬಂದಂತೆ ಬಳಸಬಾರದೆಂದು ನಿನ್ನ ನಮಾಝ್ ಹೇಳುತ್ತದೆಯೇ ಎಂದು ಹಾಸ್ಯ ಮಾಡಿದ್ದರು. ನಮಾಝಿಗೂ ತಕ್ಕಡಿಗೂ ಸಂಬಂಧವಿಲ್ಲವೆಂಬುದು ಅವರ ವಾದ. ಸಂಬಂಧವಿದೆಯೆಂಬುದೇ ಪ್ರವಾದಿಗಳೆಲ್ಲರ ಬೋಧನೆ.

ನಾವೂ ಯಾರನ್ನೋ ನಂಬಿಯೇ ಬದುಕುತ್ತಿದ್ದೇವೆ

ಕೊನೆಯದಾಗಿ ಇನ್ನೊಂದು ಮಾತು. ಮಂಗಳೂರು, ಕೊಚ್ಚಿಯ ಬಂದರುಗಳಿಂದ ಯುರೋಪಿಗೆ ಹೊರಟ ನಮ್ಮ ಕಾಫಿಯ ಹತ್ತಿರದ ದಾರಿ ಕೆಂಪು ಸಮುದ್ರದ್ದು. ಬಾಬಾ ಬುಡನ್‌ರ ಮೋಖಾದ ಮುಂದೆ ಹಾದು, 1869ರಲ್ಲಿ ತೆರೆದ ಸುಯೆಜ್ ಕಾಲುವೆಯ ಮೂಲಕ ಹಡಗುಗಳು ದಾಟುತ್ತವೆ. 2023ರ ನವೆಂಬರ್‌ನಿಂದ ಅಲ್ಲಿ ಹಡಗುಗಳ ಮೇಲೆ ದಾಳಿಗಳಾದಾಗ ಬಹಳಷ್ಟು ಹಡಗುಗಳು ಇಡೀ ಆಫ್ರಿಕಾವನ್ನು ಸುತ್ತಿ ಹೋಗತೊಡಗಿದವು. ಬಾಡಿಗೆ ಏರಿತು, ದಿನಗಳು ಹೆಚ್ಚಾದವು. 2023ರಲ್ಲಿ ಸುಮಾರು 1,000 ಕೋಟಿ ಡಾಲರಿನಷ್ಟಿದ್ದ ಈಜಿಪ್ಟಿನ ಕಾಲುವೆ ಆದಾಯ 2024ರಲ್ಲಿ ಸುಮಾರು 400 ಕೋಟಿಗೆ ಇಳಿಯಿತು. ಕೈರೋದ ಬಡವನ ರೊಟ್ಟಿಗೆ ಹೊರದೇಶದ ಗೋಧಿ ಬೇಕು. ಆ ಗೋಧಿಗೆ ಬೇಕಾದ ಡಾಲರನ್ನು ತರುವ ಮೂಲಗಳಲ್ಲಿ ಈ ಕಾಲುವೆಯೂ ಒಂದು.

ಇದರಿಂದ ಏನು ತಿಳಿಯುತ್ತದೆ? ನಮ್ಮ ಚೀಲವನ್ನು ದಡ ಸೇರಿಸುವ ನಾವಿಕನನ್ನು ನಾವು ಕಂಡಿಲ್ಲ. ಕಾಲುವೆ ದಾಟಿಸುವವನನ್ನು ಕಂಡಿಲ್ಲ. ದುಡ್ಡು ಕಳುಹಿಸುವ ಬ್ಯಾಂಕಿನವನನ್ನು ಕಂಡಿಲ್ಲ. ಅವರೆಲ್ಲರೂ ಪ್ರಾಮಾಣಿಕರಾಗಿರಲೆಂದು ನಾವು ನಿರೀಕ್ಷಿಸುತ್ತೇವೆ. ಅವರಲ್ಲೊಬ್ಬ ತಪ್ಪಿದರೂ ಬಿಟ್ಟಂಗಾಲದ ಮನೆಯಲ್ಲಿ ಮಗಳ ಮದುವೆ ಮುಂದೆ ಹೋಗುತ್ತದೆ, ಮಗನ ಕಾಲೇಜಿನ ಫೀಸು ನಿಲ್ಲುತ್ತದೆ. ಕಾಣದವರಿಂದ ನಾವು ಬಯಸುವ ಈ ಪ್ರಾಮಾಣಿಕತೆಯನ್ನು ಕಾಣದವರಿಗೆ ಕೊಡಲು ಹಿಂಜರಿದರೆ ಅದು ಮತ್ತೆ ಎರಡು ತಕ್ಕಡಿಯ ರೋಗವೇ.

ಆದುದರಿಂದ ಪ್ರಿಯ ಓದುಗರೇ, ಈ ವಿಷಯವನ್ನು ಮಸೀದಿಯ ಜಗಲಿಯ ಚರ್ಚೆಗೆ ಬಿಡಬೇಡಿ, ಮನೆಯೊಳಗೆ ತನ್ನಿ. ನೀವು ಬೆಳೆಗಾರರಾಗಿದ್ದರೆ ಮಳೆಗೆ ನೆನೆದ ಕಾಫಿಯನ್ನು ಬೇರೆ ಚೀಲದಲ್ಲಿ ಕಟ್ಟಿ, ನೆನೆದದ್ದೆಂದು ಹೇಳಿ ಮಾರಿರಿ. ವ್ಯಾಪಾರಿಯಾಗಿದ್ದರೆ ತಕ್ಕಡಿಯನ್ನೂ ತೇವಾಂಶದ ಯಂತ್ರವನ್ನೂ ಮಾರುವವನಿಗೆ ಕಾಣುವಂತೆ ಇರಿಸಿ. ಎಲ್ಲಿಯ ಮೆಣಸೋ ಅಲ್ಲಿಯ ಹೆಸರನ್ನೇ ಬರೆಯಿರಿ. ತೋಟದಲ್ಲಿ ತೂಕ ಬರೆಯುವವರಾಗಿದ್ದರೆ ಖಾಲಿ ಚೀಲವನ್ನು ಕೊಯ್ದವರ ಮುಂದೆಯೇ ತೂಗಿ, ಅಷ್ಟನ್ನೇ ಕಳೆಯಿರಿ. ಅಂಕಿಯನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿ. ತಾಯಂದಿರೇ, ಈ ವರ್ಷ ಇಷ್ಟು ಹಣ ಹೇಗೆ ಬಂತೆಂದು ಮನೆಯಲ್ಲಿ ಕೇಳುವ ಅಭ್ಯಾಸ ನಿಮ್ಮಿಂದ ಮಕ್ಕಳಿಗೆ ಬರಲಿ. ಹಣ ಬಂದುದಕ್ಕೆ ಶುಕ್ರ್ ಹೇಳುವ ಮನೆಯಲ್ಲಿ ಅದು ಬಂದ ದಾರಿಯನ್ನು ಕೇಳುವವರೂ ಇರಬೇಕು.

ಮಾರುವವನೂ ಕೊಳ್ಳುವವನೂ ಸತ್ಯ ಹೇಳಿ, ವಸ್ತುವಿನ ಕುಂದನ್ನು ಮುಚ್ಚಿಡದಿದ್ದರೆ ಅವರ ವ್ಯವಹಾರದಲ್ಲಿ ಬರಕತ್ ಇರುತ್ತದೆಂದೂ, ಮುಚ್ಚಿಟ್ಟರೆ ಆ ಬರಕತ್ ಅಳಿಸಿಹೋಗುತ್ತದೆಂದೂ ಪ್ರವಾದಿ(ಸ)ಯವರು ತಿಳಿಸಿದ್ದಾರೆ. ಲಾಭ ಎಷ್ಟೆಂಬುದನ್ನು ಲಂಡನ್ನಿನ ಮಾರುಕಟ್ಟೆ ನಿರ್ಧರಿಸಬಹುದು. ಬರಕತ್ ನಮ್ಮ ಕಣದಲ್ಲಿ, ನಮ್ಮ ಚೀಲ ಕಟ್ಟುವ ಹೊತ್ತಿನಲ್ಲಿ ನಿರ್ಧಾರವಾಗುತ್ತದೆ. ಇಲ್ಲಿ ಎಂದೂ ಭೇಟಿಯಾಗದ ಆ ಗ್ರಾಹಕನೂ, ಕೂಲಿಗೆ ಬಂದು ಹೋದ ಆ ಹುಡುಗನೂ ಒಂದು ದಿನ ನಮ್ಮೊಂದಿಗೆ ಒಂದೇ ಸಾಲಿನಲ್ಲಿ ನಿಲ್ಲಲಿದ್ದಾರೆ. ಅಂದು ತೂಗುವ ತಕ್ಕಡಿ ನಮ್ಮ ಕೈಯಲ್ಲಿರುವುದಿಲ್ಲ. ಅವರ ಹಕ್ಕನ್ನು ಇಂದೇ ಸಲ್ಲಿಸಿ ಹಗುರಾಗುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.